ಮಂಡಿಗೆ ನೂರಕ್ಕೆ ನೂರು, ಮಣಿಕಟ್ಟಿಗೆ ಬರೀ ಪಾಸ್ ಮಾರ್ಕು: ಮಕ್ಕಳ ಸ್ಕೇಟಿಂಗ್ ಗಾರ್ಡ್ ಸೆಟ್, ಮಳೆಗಾಲ ಕಂಡ ಮೇಲೆ

ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಆರು ತುಂಡಿನ ಸೆಟ್ ಇದು: ಮಂಡಿ, ಮೊಣಕೈ, ಮಣಿಕಟ್ಟಿಗೆ ಒಂದೊಂದು ಜೊತೆ. ಬಣ್ಣ, ಅಳತೆ ಎಲ್ಲ ಅಲ್ಲೇ ಇದೆ, ನೋಡಿಕೊಳ್ಳಿ. ನನ್ನ ತಕರಾರು ಮಣಿಕಟ್ಟಿನ ಗಾರ್ಡಿನ ವೆಲ್ಕ್ರೋ ಬಗ್ಗೆ. ಕಾರವಾರದಂಥ ಊರಲ್ಲಿ ಮರಳಿಲ್ಲದ ಜಾಗವೇ ಇಲ್ಲ. ಆ ನುಣ್ಣನೆ ಮರಳು, ಸಾಕ್ಸಿನ ಜುಂಗು, ಕೂದಲು ಸೇರಿ ವೆಲ್ಕ್ರೋದ ಮುಳ್ಳಿನ ಬದಿ ತುಂಬಿಹೋಗುತ್ತದೆ. ಕಟ್ಟುವಾಗ ಗಟ್ಟಿ ಹಿಡಿದ ಹಾಗೇ ಕಾಣುತ್ತದೆ; ಮಗು ಬಿದ್ದು ಅಂಗೈ ಊರಿದ ಕ್ಷಣಕ್ಕೆ ಚರ್ರೆಂದು ಬಿಟ್ಟುಕೊಳ್ಳುತ್ತದೆ. ಬೇಕಾದ ಹೊತ್ತಿಗೇ ಕೈಕೊಡುವ ಸಾಮಾನು.

ಮಂಡಿ ತರಚಿದರೆ ನಾಲ್ಕು ದಿನದಲ್ಲಿ ಮಾಯುತ್ತದೆ. ಮಣಿಕಟ್ಟು ಹಾಗಲ್ಲ. ಬೀಳುವ ಮಗು ಎಷ್ಟು ಹೇಳಿಕೊಟ್ಟರೂ ಕೈ ಚಾಚಿಯೇ ಚಾಚುತ್ತದೆ, ಮೈಭಾರವೆಲ್ಲ ಅಂಗೈ ಬುಡದಿಂದ ಮುಂಗೈ ಮೂಳೆಗೆ ಏರುತ್ತದೆ. ಹಿಮದ ಮೇಲೆ ಸ್ನೋಬೋರ್ಡಿಂಗ್ ಕಲಿಯುವವರಲ್ಲೂ ಮಣಿಕಟ್ಟಿನ ಮುರಿತವೇ ಹೆಚ್ಚು. ಅಲ್ಲಿ ಎರಡೂ ಕಾಲು ಒಂದೇ ಹಲಗೆಗೆ ಬಿಗಿದಿರುವುದರಿಂದ ಹೆಜ್ಜೆ ತಪ್ಪಿದರೆ ಸಾವರಿಸಿಕೊಳ್ಳಲು ಬರುವುದಿಲ್ಲ. ಗಾರ್ಡಿನೊಳಗಿನ ಪ್ಲಾಸ್ಟಿಕ್ ಪಟ್ಟಿ ಕೈ ಅತಿಯಾಗಿ ಹಿಂದಕ್ಕೆ ಮಡಚದಂತೆ ತಡೆಯಬೇಕು, ಸಿಮೆಂಟಿನ ಮೇಲೆ ಜಾರಿ ಹೊಡೆತದ ಜೋರು ಮುರಿಯಬೇಕು. ಅದಕ್ಕೆ ಪಟ್ಟಿಯ ಬಾಗು ಅಂಗೈಯಿಂದ ಹೊರಕ್ಕಿರಬೇಕು. ತೊಳೆಯಲೆಂದು ತೆಗೆದು ತಿರುಗಾ ತುರುಕುವಾಗ ಹಿಂದುಮುಂದಾಗುವುದು ಇಲ್ಲೇ. ಆಗ ಅದು ಅಂಗೈಯನ್ನೇ ಒತ್ತುತ್ತದೆ, ಮಗು ‘ಚುಚ್ತದೆ’ ಅಂತ ಬಿಚ್ಚಿ ಎಸೆಯುತ್ತದೆ, ನಾವು ಹಟ ಎಂದುಕೊಳ್ಳುತ್ತೇವೆ. ಎಡ, ಬಲದ ಗುರುತೂ ಬೇಗ ಅಳಿಸಿಹೋಗುತ್ತದೆ. ಮಾರ್ಕರ್‌ನಲ್ಲಿ ಪಟ್ಟಿಯ ಮೇಲೇ ಬರೆದಿಡಿ.

ವೆಲ್ಕ್ರೋಗೆ ಮದ್ದಿದೆ. ಹಳೆ ಟೂತ್‌ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ, ಉಳಿದ ಜುಂಗನ್ನು ಪಿನ್ನಿನಿಂದ ಎಳೆದು ತೆಗೆಯಿರಿ. ತೊಳೆಯುವ ಮುಂಚೆ ವೆಲ್ಕ್ರೋ ಪಟ್ಟಿಗಳನ್ನೆಲ್ಲ ಅಂಟಿಸಿ, ಉಗುರುಬೆಚ್ಚನೆ ಸೋಪುನೀರಲ್ಲಿ ಕೈಯಲ್ಲೇ ತೊಳೆಯಿರಿ. ಒಣಗಿಸುವುದೇ ದೊಡ್ಡ ಪಾಡು. ಶಿರಸಿ ಕಡೆ ಜುಲೈನಲ್ಲಿ ಒಳಗಿನ ಫೋಮ್ ಆರುವಷ್ಟರಲ್ಲಿ ಬೂಸಲು ಬಂದಿರುತ್ತದೆ. ಹಾಗಂತ ಬಚ್ಚಲ ಒಲೆಯ ಮೇಲೆ ತೂಗುಹಾಕಿದರೆ ಒಳಗಿನ ಪ್ಲಾಸ್ಟಿಕ್ ಪಟ್ಟಿ ಸೊಟ್ಟಗಾಗುತ್ತದೆ. ಟವೆಲಿನಲ್ಲಿ ಸುತ್ತಿ ಹಿಂಡಿ, ಫ್ಯಾನ್ ಕೆಳಗೆ ಹರಡುವುದೇ ಸೈ.

ಇಷ್ಟು ಬೈದ ಮೇಲೆ ಮಂಡಿಯ ಪ್ಯಾಡ್ ಬಗ್ಗೆ ಒಳ್ಳೆ ಮಾತು ಹೇಳಲೇಬೇಕು. ಚಿಪ್ಪಿನ ನಡುವೆ ಉದ್ದುದ್ದ ಗೀರು ಬಿದ್ದು ಬಣ್ಣ ಪೂರ್ತಿ ಹೋಗಿದೆ, ರಿವೆಟ್ ಒಂದೂ ಅಲುಗಿಲ್ಲ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದಲ್ಲಿ ಆಡಿದ ಗೀರು ಅವು. ಪ್ಯಾಡ್ ಇಲ್ಲದಿದ್ದರೆ ಚರ್ಮದ ಮೇಲಿರುತ್ತಿದ್ದವು. ಆದರೆ ಹಾವಸೆ ಕಟ್ಟಿದ ಅಂಗಳಕ್ಕೆ ಯಾವ ಪ್ಯಾಡೂ ಉತ್ತರವಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ಪೂರ್ತಿ ಒಣಗುವವರೆಗೆ ಸ್ಕೇಟ್ ಕಪಾಟಿನಲ್ಲಿರಲಿ.

ತೊಡುವುದಕ್ಕೂ ಒಂದು ಕ್ರಮವಿದೆ. ಮೊದಲು ಮಂಡಿ, ಆಮೇಲೆ ಮೊಣಕೈ, ಹೆಲ್ಮೆಟ್, ಸ್ಕೇಟ್. ಮಣಿಕಟ್ಟಿನದು ಕೊನೆಗೆ, ಲೇಸ್ ಕಟ್ಟಲು ಬೆರಳು ಬೇಕಲ್ಲ. ಎಲ್ಲ ಕೂತಲ್ಲೇ ಮುಗಿಯಲಿ, ಬಿಚ್ಚುವಾಗಲೂ ಕೂತ ಮೇಲೇ ಗಾರ್ಡ್ ತೆಗೆಯಲಿ. ಆಟ ಮುಗಿಯಿತೆಂದು ನಿಂತಲ್ಲೇ ಗಾರ್ಡ್ ಕಿತ್ತು, ಚಕ್ರದ ಕಾಲಲ್ಲಿ ಬಾಗಿಲ ಕಡೆ ಹೊರಡುವ ಹೊತ್ತೇ ಅಪಾಯದ್ದು.

ಹೆಲ್ಮೆಟ್ ಈ ಸೆಟ್ಟಿನಲ್ಲಿಲ್ಲ. ಇಎನ್ 1078 (ಸೈಕಲ್, ಸ್ಕೇಟಿಂಗ್ ಹೆಲ್ಮೆಟ್ಟಿನ ಯುರೋಪಿಯನ್ ಮಾನದಂಡ) ಗುರುತಿರುವುದನ್ನು ಬೇರೆ ಕೊಳ್ಳಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿ ಕಿವಿಯ ಕೆಳಗೆ ಸೇರಬೇಕು. ಎತ್ತರದ ಜುಟ್ಟಿದ್ದರೆ ಹೆಲ್ಮೆಟ್ ಕೂರುವುದಿಲ್ಲ, ಕೆಳಗೆ ಎರಡು ಜಡೆ ಹೆಣೆಯಿರಿ. ಜೋರಾಗಿ ಒಮ್ಮೆ ನೆಲಕ್ಕೆ ಬಡಿದರೆ, ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು. ಒಳಗಿನ ಥರ್ಮಾಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬುವುದಿಲ್ಲ.

ಗಾರ್ಡ್ ಇದ್ದೂ ಮಣಿಕಟ್ಟು ಊದಿಕೊಂಡರೆ ಎಣ್ಣೆ ಹಚ್ಚಿ ತಿಕ್ಕಿಸಲು ಹೋಗಬೇಡಿ. ಮಡಚಿದ ಪೇಪರ್ ಕಟ್ಟಿನ ಮೇಲೆ ಕೈ ಇಟ್ಟು ಬಟ್ಟೆ ಸುತ್ತಿ, ಕುತ್ತಿಗೆಗೆ ಜೋಲಿ ಹಾಕಿ ಎಕ್ಸ್‌ರೇಗೆ ಕರೆದೊಯ್ಯಿರಿ. ಮಕ್ಕಳ ಮೂಳೆ ಬೆಳೆಯುವ ಜಾಗ ಮಣಿಕಟ್ಟಿನ ಹತ್ತಿರವೇ ಇದೆ, ಅಲ್ಲಿಯ ಪೆಟ್ಟನ್ನು ಉಳುಕು ಅಂತ ಬಿಡುವಂತಿಲ್ಲ.

ಒಟ್ಟಿನಲ್ಲಿ ನನ್ನ ಬಜೆಟ್ಟಿಗೆ ಸೆಟ್ ಅಡ್ಡಿಯಿಲ್ಲ. ಮಣಿಕಟ್ಟಿನ ಗಾರ್ಡ್ ಮಾತ್ರ ದುಡ್ಡು ಹಾಕಿ ಬೇರೆ ತನ್ನಿ, ಕೈ ಸುತ್ತ ಪೂರ್ತಿ ಒಂದು ಸುತ್ತು ಬರುವ ವೆಲ್ಕ್ರೋ ಪಟ್ಟಿ ಇರುವಂಥದ್ದು. ಚಳಿಗಾಲದಲ್ಲಿ ಮಕ್ಕಳನ್ನು ಗುಲ್ಮಾರ್ಗ್‌ಗೆ ಒಯ್ಯುವವರು ಇದನ್ನೇ ಚೀಲಕ್ಕೆ ತುಂಬಬೇಡಿ. ಹಿಮಕ್ಕೆ ಹೆಲ್ಮೆಟ್ ಇಎನ್ 1077 ಆಗಬೇಕು, ಸ್ನೋಬೋರ್ಡ್ ಮಣಿಕಟ್ಟಿನ ಗಾರ್ಡಿಗೆ 2020ರಲ್ಲಿ ಬಂದ ಐಎಸ್ಒ 20320 ಎಂಬ ಮಾನದಂಡವೇ ಬೇರೆ ಇದೆ. ಗ್ಲೌಸಿನೊಳಗೆ ತೊಡುವ ಗಾರ್ಡಾದರೆ ಗ್ಲೌಸ್ ಒಂದು ಸೈಜು ದೊಡ್ಡದಿರಲಿ, ಮಗು ಗಾರ್ಡ್ ಹಾಕಿಕೊಂಡೇ ಅಂಗಡಿಯಲ್ಲಿ ತೊಟ್ಟು ನೋಡಲಿ.