ಅರವತ್ತು ದಾಟಿದ ಮೇಲೆ ಕುದುರೆ ಪ್ರವಾಸ: ರಾಜಸ್ಥಾನವೋ, ಮಂಗೋಲಿಯಾವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಾಜಸ್ಥಾನಕ್ಕೆ.

ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಬೆಂಗಳೂರಿನ ಮಗಳ ಮನೆಯಲ್ಲಿದ್ದು ಸವಾರಿ ಕಲಿತೆ. ಆಮೇಲೆ ಕುದುರೆ ಮೇಲೇ ಊರಿಂದ ಊರಿಗೆ ಹೋಗುವ ಪ್ರವಾಸವನ್ನು ಎರಡೂ ಕಡೆ ಮಾಡಿ ಬಂದೆ. ಈಗ ಉಡುಪಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಅಕ್ಕಾ, ಈ ಪ್ರಾಯದಲ್ಲಿ ಯಾವುದಕ್ಕೆ ಹೋಗಬಹುದು?"

ಮಂಡಿನೋವು ಇರುವವರು ಕುದುರೆಯ ಎತ್ತರ ನೋಡಿ ಮಂಗೋಲಿಯಾ ಅನ್ನುತ್ತಾರೆ. ಅಲ್ಲಿನ ಕುದುರೆ 12ರಿಂದ 14 ಹ್ಯಾಂಡ್. ಒಂದು ಹ್ಯಾಂಡ್ ಎಂದರೆ 4 ಇಂಚು, ಲೆಕ್ಕ ಹಾಕಿ. ರಾಜಸ್ಥಾನದ ಮಾರ್ವಾಡಿ ತಳಿಯ ಕುದುರೆ ಹೆಗಲಿನ ಹತ್ತಿರವೇ ಐದಡಿ ಆಸುಪಾಸು. ಗಿಡ್ಡ ಕುದುರೆ ಹತ್ತುವುದು ಸುಲಭ, ನಿಜ. ಆದರೆ ಹತ್ತುವುದು ದಿನಕ್ಕೆ ನಾಲ್ಕೈದು ಸಲ ಮಾತ್ರ. ಉಳಿದ ಹೊತ್ತೆಲ್ಲ ಕೂತಿರಬೇಕಲ್ವಾ?

ಮಂಗೋಲಿಯಾದ ಓರ್ಖಾನ್ ಕಣಿವೆಯಲ್ಲಿ ನನಗೆ ಕೊಟ್ಟದ್ದು ಮರದ ಜೀನು. ಹಿಂದೆ ಮುಂದೆ ಎತ್ತರ, ನಡುವೆ ಇಕ್ಕಟ್ಟು. ಕಾಲಿಡುವ ರಿಕಾಪಿನ ಪಟ್ಟಿ ತೀರಾ ಗಿಡ್ಡ. ಅಲ್ಲಿಯವರು ಕುದುರೆ ಟ್ರಾಟ್, ಅಂದರೆ ಕುಲುಕು ಓಟ, ಶುರು ಮಾಡಿದ ಕೂಡಲೇ ರಿಕಾಪಿನಲ್ಲಿ ಎದ್ದು ನಿಲ್ಲುತ್ತಾರೆ. ಅವರಿಗೆ ಆ ಗಿಡ್ಡ ಪಟ್ಟಿಯೇ ಸರಿ. ನಾನು ಮಾತ್ರ ಹೆರೆಮಣೆ ಮೇಲೆ ಕೂತವಳ ಹಾಗೆ ಮಂಡಿ ಮಡಚಿಕೊಂಡೇ ಇದ್ದೆ. ಅರ್ಧ ಗಂಟೆಯಲ್ಲಿ ಚಿಪ್ಪಿನ ಒಳಗೆ ಸೆಳೆತ ಶುರು.

ಗೈಡ್ ಪಟ್ಟಿ ಉದ್ದ ಮಾಡಲು ನೋಡಿದ. ಕೊನೆಯ ತೂತಿಗೇ ಬಂದಿತ್ತು. ಹಗ್ಗ ಸೇರಿಸಿ ಕಟ್ಟಿದ. ಆಗ ಎರಡು ಕಾಲೂ ಸಮ ಇರಲಿಲ್ಲ, ಬಲಗಡೆ ವಾಲಿಕೊಂಡೇ ಹೋದೆ. ಸಾಲದ್ದಕ್ಕೆ ಜೀನಿನ ಪಕ್ಕದಲ್ಲಿ ಅಂದಕ್ಕೆ ಹೊಡೆದ ಲೋಹದ ಬಿಲ್ಲೆ ತೊಡೆಗೆ ಒತ್ತುತ್ತಿತ್ತು. ಬೈರಾಸು ಮಡಚಿ ಇಟ್ಟೆ, ಅದು ಜಾರಿ ಜಾರಿ ಬಿತ್ತು. ಸಂಜೆ ಇಳಿದರೆ ಕಾಲು ನೆಟ್ಟಗಾಗುವುದಿಲ್ಲ. ಕುದುರೆಯ ಕುತ್ತಿಗೆ ಹಿಡಿದು ನಿಂತೆ. ಪಾಪ, ಅದು ಅಲ್ಲಾಡಲೇ ಇಲ್ಲ.

ರಾಜಸ್ಥಾನದ ಶೇಖಾವಟಿಯಲ್ಲಿ ಸಿಕ್ಕಿದ್ದು ಮಿಲಿಟರಿ ಜೀನು. ಭಾರ, ಚಂದವೂ ಇಲ್ಲ. ಆದರೆ ಪಟ್ಟಿಗೆ ತೂತುಗಳು ಬೇಕಾದಷ್ಟು, ಕಾಲು ಹೆಚ್ಚುಕಡಿಮೆ ನೆಟ್ಟಗೆ ಇಳಿಬಿಟ್ಟು ಕೂರಬಹುದು. ಮಾರ್ವಾಡಿ ಕುದುರೆಗಳಲ್ಲಿ ಕೆಲವಕ್ಕೆ ರೇವಾಲ್ ಎಂಬ ನಡೆ ಇರುತ್ತದೆ. ವೇಗ ಇದ್ದರೂ ಕುಲುಕುವುದಿಲ್ಲ, ಸುಮ್ನೆ ಕೂತರೆ ಸಾಕು. ಎಲ್ಲದಕ್ಕೂ ಇರುವುದಿಲ್ಲ, ಬುಕ್ ಮಾಡುವಾಗಲೇ ಕೇಳಿ ಹಿಡಿಯಿರಿ.

ಐದಡಿ ಹತ್ತುವುದು ಹೇಗೆ? ಪ್ಲಾಸ್ಟಿಕ್ ಸ್ಟೂಲು. ಇಲ್ಲದಿದ್ದರೆ ಬಾವಿಕಟ್ಟೆ. ಅದೂ ಇಲ್ಲದಿದ್ದರೆ ಕುದುರೆಯನ್ನು ಮರಳ ದಿಬ್ಬದ ತಗ್ಗಿನಲ್ಲಿ ನಿಲ್ಲಿಸಿ, ನೀವು ಮೇಲ್ಗಡೆ ನಿಲ್ಲಿ. ಇಳಿಯುವಾಗಲೂ ಹಾಗೆಯೇ. ಇದಕ್ಕೆ ನಾಚಿಕೆ ಬೇಡ. ನೆಲದಿಂದ ಜೋತುಬಿದ್ದು ಹತ್ತಿದರೆ ಜೀನು ಒಂದು ಪಕ್ಕಕ್ಕೆ ಎಳೆದು ಕುದುರೆಯ ಬೆನ್ನಿಗೇ ತ್ರಾಸ.

ನೋಟದಲ್ಲಿ ಮಂಗೋಲಿಯಾ ಗೆದ್ದಿತು, ವಾದವೇ ಇಲ್ಲ. ಬೇಲಿಯೇ ಇಲ್ಲದ ಹುಲ್ಲುಗಾವಲು. ಆದರೆ ಮಾರ್ವಾಡಿ ಕುದುರೆಯ ಬೆನ್ನ ಮೇಲೆ ಕೂತರೆ, ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಎರಡು ಕಿವಿಗಳ ನಡುವಿನಿಂದಲೇ ದಾರಿ ಕಾಣುತ್ತದೆ. ಅದೂ ಕಡಿಮೆ ನೋಟವಲ್ಲ.

ಊಟ: ಮಂಗೋಲಿಯಾದಲ್ಲಿ ಮಾಂಸ ಮತ್ತು ಉಪ್ಪು ಹಾಕಿದ ಹಾಲಿನ ಚಹಾ, ರಾಜಸ್ಥಾನದಲ್ಲಿ ದಾಲ್ ಬಾಟಿ. ಸಸ್ಯಾಹಾರಿಗಳಿಗೆ ಬೇರೆ ಹೇಳುವುದೇ ಬೇಡ.

ತಿಂಗಳ ವಿಷಯದಲ್ಲಿ ಮಾತ್ರ ರಾಜಸ್ಥಾನ ನನಗೆ ತೊಡಕು. ಅಲ್ಲಿ ಸವಾರಿ ಚೆನ್ನಾಗಿರುವುದು ಅಕ್ಟೋಬರಿನಿಂದ ಮಾರ್ಚ್. ನಮ್ಮಲ್ಲಿ ಕಂಬಳ, ಕೋಲ, ಯಕ್ಷಗಾನ, ಮದುವೆ ಎಲ್ಲ ಆಗಲೇ. ಯಾರದ್ದಾದರೂ ಒಂದು ಮದುವೆ ತಪ್ಪುತ್ತದೆ, ಆಮೇಲೆ ಮಾತು ಕೇಳಬೇಕು. ಮಂಗೋಲಿಯಾದ್ದು ಜೂನ್‌ನಿಂದ ಸೆಪ್ಟೆಂಬರ್. ಆಟಿ ತಿಂಗಳ ಮಳೆಯಲ್ಲಿ ಊರು ಬಿಟ್ಟರೆ ಯಾರೂ ಕೇಳುವುದಿಲ್ಲ.

ಆದರೂ ಪಿಂಚಣಿಯಲ್ಲಿ ಬದುಕುವವಳಿಗೆ ಲೆಕ್ಕ ಮುಖ್ಯ. ಅಲ್ಲಿಗೆ ವಿಮಾನ ಬದಲಿಸುತ್ತಾ ಹೋಗಬೇಕು, ಪ್ರವಾಸದ ಖರ್ಚು ಬೇರೆ. ಅಜ್ಮೀರಿಗಾದರೆ ಕೊಂಕಣ ರೈಲು ಹಾದಿಯಲ್ಲೇ ಮರುಸಾಗರ್ ಎಕ್ಸ್‌ಪ್ರೆಸ್ ಇದೆ. ಬುತ್ತಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡು ಹತ್ತಿದರಾಯಿತು.

ಮಂಡಿ ಗಟ್ಟಿ ಇದ್ದು ಟಿಕೆಟ್ ಮಕ್ಕಳು ತೆಗೆದುಕೊಡುವುದಾದರೆ ಮಂಗೋಲಿಯಾಕ್ಕೆ ಧಾರಾಳ ಹೋಗಿ. ಎಲ್ಲಿಗೇ ಹೋದರೂ ಸವಾರರ ತೂಕಕ್ಕೆ ಮಿತಿ ಎಷ್ಟು ಎಂದು ಮೊದಲೇ ವಿಚಾರಿಸಿ. ಹೆಲ್ಮೆಟ್ ನಿಮ್ಮದೇ ಇರಲಿ.