ಆರು ಪ್ರೊಜೆಕ್ಟರ್‌ಗಳ ಪರದೆಗೆ ಹ್ಯಾಪ್ ಕೊಡೆಕ್: ದೀರ್ಘಕಾಲದ ಬಳಕೆಯ ನಂತರ

ಬೆಂಗಳೂರಿನ ಸಮ್ಮೇಳನ, ವಸ್ತುಪ್ರದರ್ಶನ ಮತ್ತು ವೇದಿಕೆ ಕಾರ್ಯಕ್ರಮಗಳಿಗೆ ಅಗಲ ಪರದೆಯ ವಿಡಿಯೊ ಸಿದ್ಧಪಡಿಸುವುದು ನನ್ನ ವೃತ್ತಿ. ಅಂತಿಮ ಫೈಲನ್ನು ಹಲವು ವರ್ಷಗಳಿಂದ ಹ್ಯಾಪ್ ಎಂಬ ಕೊಡೆಕ್‌ನಲ್ಲೇ (ವಿಡಿಯೊವನ್ನು ಕುಗ್ಗಿಸಿ ಬರೆದು, ನುಡಿಸುವಾಗ ಮತ್ತೆ ಬಿಚ್ಚುವ ವಿಧಾನ) ಕೊಡುತ್ತಾ ಬಂದಿದ್ದೇನೆ. ಟಾಮ್ ಬಟರ್‌ವರ್ತ್ ಮತ್ತು ವಿಡ್‌ವಾಕ್ಸ್ ಸಂಸ್ಥೆ ಸೇರಿ ರೂಪಿಸಿದ ಇದು ಮುಕ್ತ ತಂತ್ರಾಂಶ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಉಳಿಸಿದ ಆ ಹಣವೆಲ್ಲ ಡಿಸ್ಕ್‌ಗೆ ಹೋಗುತ್ತದೆ ಎಂಬುದನ್ನು ಹೊಸದಾಗಿ ಬಳಸುವವರು ಮೊದಲೇ ತಿಳಿದಿರಬೇಕು. ಹ್ಯಾಪ್ ಇರುವುದು ಪರದೆಯ ಮೇಲೆ ನುಡಿಸುವುದಕ್ಕೆ, ಕೂಡಿಡುವುದಕ್ಕಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ರೆಂಡರಿಂಗ್ (ವಿನ್ಯಾಸದಿಂದ ಅಂತಿಮ ಫ್ರೇಮುಗಳನ್ನು ತಯಾರಿಸುವ ಕೆಲಸ) ಯೋಜಿಸಿದವರಿಗೆ ಇದಕ್ಕಿಂತ ನಂಬಿಕಸ್ಥ ಸಾಧನವನ್ನು ನಾನು ಕಂಡಿಲ್ಲ.

ಲೆಕ್ಕದಿಂದಲೇ ಆರಂಭಿಸುತ್ತೇನೆ. 1,920×1,200 ಪಿಕ್ಸೆಲ್‌ಗಳ ಆರು ಪ್ರೊಜೆಕ್ಟರ್‌ಗಳನ್ನು ಸಾಲಾಗಿ ಜೋಡಿಸಿ, ಅಕ್ಕಪಕ್ಕದ ಎರಡರ ನಡುವೆ ಶೇ 15ರಷ್ಟು, ಅಂದರೆ 288 ಪಿಕ್ಸೆಲ್ ಓವರ್‌ಲ್ಯಾಪ್ (ಎರಡೂ ಚಿತ್ರಗಳು ಒಂದರ ಮೇಲೊಂದು ಬೀಳುವ ಭಾಗ) ಇಟ್ಟರೆ, ಐದು ಕೂಡುಭಾಗಗಳ 1,440 ಪಿಕ್ಸೆಲ್ ಕಳೆದು ಉಳಿಯುವ ಅಗಲ 10,080. ಒಂದೊಂದು ಫ್ರೇಮಿನಲ್ಲಿ ಸುಮಾರು 1.21 ಕೋಟಿ ಪಿಕ್ಸೆಲ್‌ಗಳಿರುತ್ತವೆ. ಆಲ್ಫಾ (ಪಾರದರ್ಶಕತೆಯ ಮಾಹಿತಿ) ಸಹಿತ, ಪ್ರತಿ ಬಣ್ಣದಂಶಕ್ಕೆ 16 ಬಿಟ್‌ನಂತೆ ಕೆಲಸ ಮಾಡುವಾಗ ಒಂದು ಫ್ರೇಮಿಗೆ 97 ಎಂಬಿ, 32 ಬಿಟ್ ಫ್ಲೋಟ್‌ನಲ್ಲಿ ಅದರ ಎರಡರಷ್ಟು ಮೆಮೊರಿ ಬೇಕು. ಅದೂ ಒಂದೇ ಲೇಯರಿಗೆ. ಮಸುಕು, ಕಣ, ನೆರಳು ಎಂದು ಹತ್ತಾರು ಲೇಯರ್‌ಗಳು ಸೇರಿದ ಮೇಲೆ ಯಂತ್ರ ಏಕೆ ಏದುಸಿರು ಬಿಡುತ್ತದೆ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಇಷ್ಟು ಅಗಲದ ಚಿತ್ರಕ್ಕೆ ಸಾಮಾನ್ಯ ಕೊಡೆಕ್‌ಗಳು ಒದಗುವುದಿಲ್ಲ. ಬಹುತೇಕ ಗ್ರಾಫಿಕ್ಸ್ ಕಾರ್ಡ್‌ಗಳ ಹಾರ್ಡ್‌ವೇರ್ ಡಿಕೋಡರ್ ಎಚ್.264ರಲ್ಲಿ 4,096, ಎಚ್.265ರಲ್ಲಿ 8,192 ಪಿಕ್ಸೆಲ್ ಅಗಲದಾಚೆ ಹೋಗುವುದಿಲ್ಲ. ಆಮೇಲೆ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಹ್ಯಾಪ್ ಹಿಡಿದ ದಾರಿ ಬೇರೆ. ಕಂಪ್ಯೂಟರ್ ಆಟಗಳ ಟೆಕ್ಸ್ಚರ್‌ಗಳಿಗೆಂದು (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳಿಗೆಂದು) ಹುಟ್ಟಿದ ಡಿಎಕ್ಸ್‌ಟಿ ಸಂಕೋಚನದಲ್ಲಿಯೇ ಅದು ಫ್ರೇಮನ್ನು ಬರೆದಿಡುವುದರಿಂದ, ಸ್ನ್ಯಾಪಿ ಎಂಬ ಹಗುರ ಹೊದಿಕೆಯನ್ನು ಬಿಚ್ಚುವುದಷ್ಟೇ ಪ್ರೊಸೆಸರ್‌ನ ಪಾಲಿನ ಕೆಲಸ, ಮಿಕ್ಕದ್ದನ್ನು ಗ್ರಾಫಿಕ್ಸ್ ಕಾರ್ಡ್ ತಾನೇ ಓದಿಕೊಳ್ಳುತ್ತದೆ. ಪ್ರತಿ ಫ್ರೇಮೂ ಸ್ವತಂತ್ರವಾದ್ದರಿಂದ ಭಾಷಣಕಾರರು ಹೇಳಿದ್ದಕ್ಕಿಂತ ಮೊದಲೇ ವೇದಿಕೆಗೆ ಬಂದುಬಿಟ್ಟರೂ ಬೇಕಾದ ಜಾಗಕ್ಕೆ ತಕ್ಷಣ ಜಿಗಿಯಬಹುದು. ಅರಮನೆ ಮೈದಾನದ ಕಾರ್ಯಕ್ರಮಗಳಲ್ಲಿ ಈ ಒಂದು ಗುಣ ನನ್ನ ಮಾನ ಉಳಿಸಿದ ಸಂದರ್ಭಗಳು ಅನೇಕ.

ಗುಣಮಟ್ಟದ ವಿಷಯಕ್ಕೆ ಬಂದರೆ, ಹ್ಯಾಪ್‌ನ ಬಗೆಗಳನ್ನು ಬಿಡಿಸಿ ನೋಡಬೇಕು. ಸಾದಾ ಹ್ಯಾಪ್ ಚಿತ್ರವನ್ನು 4×4 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೆ ಎರಡೇ ಬಣ್ಣಗಳನ್ನು, ಅದೂ ಒಂದು ಬಣ್ಣಕ್ಕೆ ಒಟ್ಟು 16 ಬಿಟ್‌ಗಳಲ್ಲಿ, ಬರೆದಿಡುತ್ತದೆ. ಅವೆರಡರ ನಡುವಿನ ಇನ್ನೆರಡು ಛಾಯೆಗಳನ್ನು ಲೆಕ್ಕ ಹಾಕಿ ತುಂಬುತ್ತದೆ. ರಾಜ್ಯೋತ್ಸವದ ಹಿನ್ನೆಲೆಯೊಂದನ್ನು ಮಾಡುವಾಗ ಇದರ ಪರಿಣಾಮವನ್ನು ಹತ್ತಿರದಿಂದ ನೋಡಿದೆ. ಹಳದಿಯ ಮೇಲೆ ಕೆಂಪು ಅಕ್ಷರಗಳು ಬಹಳ ಅಚ್ಚುಕಟ್ಟಾಗಿ ಬಂದವು, ಏಕೆಂದರೆ ಅಲ್ಲಿ ಒಂದು ಚೌಕಕ್ಕೆ ಬೇಕಾದವು ಆ ಎರಡು ಬಣ್ಣಗಳೇ. ಆದರೆ ಬಾವುಟದ ಹಳದಿ ಮತ್ತು ಕೆಂಪು ಪಟ್ಟಿಗಳು ಸೇರುವ ಅಂಚು ನೀಲಿ ಆಕಾಶವನ್ನು ತಾಗುವಲ್ಲಿ, ಮೂರನೆಯ ಬಣ್ಣಕ್ಕೆ ಚೌಕದಲ್ಲಿ ಎಡೆಯಿಲ್ಲದೆ ಕೊಳೆಯಾದಂತೆ ಕಾಣುವ ಮಚ್ಚೆಗಳು ಮೂಡಿದವು. ಅದಕ್ಕಿಂತ ಹೆಚ್ಚು ಕಣ್ಣಿಗೆ ಚುಚ್ಚಿದ್ದು ಹಂಪಿಯ ಕಲ್ಲಿನ ರಥದ ಹಿಂದಿನ ಮುಸ್ಸಂಜೆಯ ಆಕಾಶ: ನುಣ್ಣಗೆ ಇಳಿಯಬೇಕಾದ ಕೇಸರಿ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಲ್ಯಾಪ್‌ಟಾಪಿನಲ್ಲಿ ಕಷ್ಟಪಟ್ಟು ಹುಡುಕಬೇಕಾದ ಪಟ್ಟೆಗಳು ಇಡೀ ವೇದಿಕೆಯಗಲಕ್ಕೆ ಹರಡಿದಾಗ ಕೊನೆಯ ಸಾಲಿನ ಪ್ರೇಕ್ಷಕರಿಗೂ ಕಾಣುತ್ತವೆ.

ಹ್ಯಾಪ್ ಕ್ಯೂ ಇದಕ್ಕೆ ಬಹುಮಟ್ಟಿಗೆ ಪರಿಹಾರ. ಅದು ಬೆಳಕಿನ ಅಂಶವನ್ನು ಬಣ್ಣದಿಂದ ಬೇರ್ಪಡಿಸಿ, ಬೆಳಕಿಗೆ ಹೆಚ್ಚು ಬಿಟ್‌ಗಳನ್ನು ಕೊಡುತ್ತದೆ. ಅದೇ ಆಕಾಶ ಅದರಲ್ಲಿ ಸಾಕಷ್ಟು ನುಣುಪಾಗಿ ಬಂತು. 16 ಬಿಟ್‌ನಲ್ಲಿ ರೆಂಡರ್ ಮಾಡಿ, ಕೊನೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಗ್ರೇನ್ (ಕಾಳುಕಾಳಾದ ಕಣಗಳು) ಸೇರಿಸಿದರೆ ಉಳಿದ ಪಟ್ಟೆಗಳೂ ಕರಗುತ್ತವೆ. ಇದರ ಬೆಲೆಯೆಂದರೆ ಫೈಲಿನ ಗಾತ್ರ. ಸಾದಾ ಹ್ಯಾಪ್‌ಗೆ ಪಿಕ್ಸೆಲ್‌ಗೆ ಅರ್ಧ ಬೈಟ್ ಸಾಕಾದರೆ ಕ್ಯೂಗೆ ಒಂದು ಬೈಟ್ ಬೇಕು. ನಮ್ಮ 10,080 ಅಗಲಕ್ಕೆ, ಸ್ನ್ಯಾಪಿಯ ಉಳಿತಾಯವನ್ನು ಬದಿಗಿಟ್ಟರೆ, ಸೆಕೆಂಡಿಗೆ 30 ಫ್ರೇಮಿನಲ್ಲಿ ಸುಮಾರು 363 ಎಂಬಿ, 60ರಲ್ಲಿ 726 ಎಂಬಿ ಓದಬೇಕಾಗುತ್ತದೆ. ಸಾಟಾ ಎಸ್‌ಎಸ್‌ಡಿ ಕೊಡುವುದು ಹೆಚ್ಚೆಂದರೆ 550ರ ಆಸುಪಾಸು. ಬಾಡಿಗೆಗೆ ಬಂದ ಒಂದು ಯಂತ್ರದಲ್ಲಿ ಅಂತಹ ಡಿಸ್ಕ್ ಇದ್ದುದರಿಂದ ತಾಲೀಮಿನಲ್ಲೇ ಚಿತ್ರ ತಡವರಿಸಿತು, ಎಸ್.ಪಿ. ರಸ್ತೆಯಿಂದ ಎನ್‌ವಿಎಂಇ ಡಿಸ್ಕ್ ತರಿಸಿ ಹಾಕಿದ ಕೂಡಲೇ ಅದೇ ಫೈಲ್ ಸರಾಗವಾಗಿ ಓಡಿತು. ಅಂದಿನಿಂದ ಯಂತ್ರ ಗೊತ್ತುಮಾಡುವಾಗ ಗ್ರಾಫಿಕ್ಸ್ ಕಾರ್ಡ್‌ಗಿಂತ ಮೊದಲು ಡಿಸ್ಕ್ ಯಾವುದೆಂದು ಕೇಳುತ್ತೇನೆ.

ರೆಂಡರಿಂಗ್ ಬಗ್ಗೆ ನನ್ನ ಅಭಿಪ್ರಾಯ ದೃಢವಾಗಿದೆ: ಕಂಪೋಸಿಷನ್ನಿನಿಂದ (ಲೇಯರ್‌ಗಳನ್ನು ಜೋಡಿಸಿದ ಮೂಲ ಕೆಲಸದಿಂದ) ನೇರವಾಗಿ ಹ್ಯಾಪ್‌ಗೆ ಹೋಗಬಾರದು. ಮೊದಲು 16 ಬಿಟ್ ಪಿಎನ್‌ಜಿ ಅಥವಾ ಇಎಕ್ಸ್‌ಆರ್ ಚಿತ್ರಸರಣಿ (ಪ್ರತಿ ಫ್ರೇಮೂ ಒಂದೊಂದು ಚಿತ್ರಫೈಲ್), ಆಮೇಲೆ ಎನ್‌ಕೋಡಿಂಗ್, ಅಂದರೆ ಅದನ್ನು ಹ್ಯಾಪ್‌ಗೆ ಬದಲಿಸುವುದು. ಬೇಸಿಗೆ ಮಳೆಗೆ ಇಲ್ಲಿ ಕರೆಂಟ್ ಹೋಗುವುದು ಹೊಸತಲ್ಲ, ಯುಪಿಎಸ್ ರಾತ್ರಿಯಿಡೀ ನಿಲ್ಲುವುದೂ ಇಲ್ಲ. ಹ್ಯಾಪ್ ವಿಡಿಯೊ ಇರುವ ಮೂವ್ (.mov) ಫೈಲಿನ ಸೂಚಿ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲ್ಪಡುವುದರಿಂದ ನಡುವೆ ನಿಂತರೆ ಅದುವರೆಗಿನ ಕೆಲಸವೆಲ್ಲ ವ್ಯರ್ಥ. ಚಿತ್ರಸರಣಿಯಲ್ಲಾದರೆ ಹೋಗುವುದು ಒಂದೇ ಫ್ರೇಮು. ಫ್ರೇಮುಗಳನ್ನು ಎರಡು ಮೂರು ಯಂತ್ರಗಳಿಗೆ ಹಂಚಲೂಬಹುದು. ಗ್ರಾಹಕರು ಒಂದು ಹೆಸರಿನ ಕಾಗುಣಿತ ತಿದ್ದಿಸಿದರೆ ಆ ಭಾಗದ ಫ್ರೇಮುಗಳನ್ನಷ್ಟೇ ಮತ್ತೆ ರೆಂಡರ್ ಮಾಡಿದರಾಯಿತು.

ಎನ್‌ಕೋಡಿಂಗ್‌ಗೆ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ ಸಾಕು. ಅಗಲವೂ ಎತ್ತರವೂ ನಾಲ್ಕರಿಂದ ಭಾಗವಾಗಬೇಕು, ಇಲ್ಲದಿದ್ದರೆ ಅದು ನಿರಾಕರಿಸುತ್ತದೆ. ಫ್ರೇಮನ್ನು ಎಷ್ಟು ತುಂಡುಗಳಾಗಿ ಬರೆಯಬೇಕೆಂಬ ಚಂಕ್ಸ್ ಆಯ್ಕೆ ತಾನಾಗಿ ಒಂದರಲ್ಲಿರುತ್ತದೆ. ಇಷ್ಟು ಅಗಲಕ್ಕೆ ಅದನ್ನು ಎಂಟಕ್ಕೋ ಹೆಚ್ಚಿಗೋ ಏರಿಸಿದರೆ ಸ್ನ್ಯಾಪಿ ಬಿಚ್ಚುವ ಕೆಲಸ ಪ್ರೊಸೆಸರ್‌ನ ಹಲವು ಕೋರ್‌ಗಳಿಗೆ ಹಂಚಿಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್‌ಗಳ ಟೆಕ್ಸ್ಚರ್ ಮಿತಿ ಸಾಮಾನ್ಯವಾಗಿ 16,384 ಪಿಕ್ಸೆಲ್ ಆದ್ದರಿಂದ, ಹತ್ತು ಪ್ರೊಜೆಕ್ಟರ್‌ಗಳ ಕೆಲಸ ಬಂದರೆ ಚಿತ್ರವನ್ನು ಎರಡು ಫೈಲ್‌ಗಳಾಗಿ ಸೀಳುವುದು ಅನಿವಾರ್ಯ. ಕೂಡುಭಾಗದ ಬೆಳಕು ತಗ್ಗಿಸುವ ಬ್ಲೆಂಡಿಂಗ್ ಅನ್ನು ಫೈಲಿನಲ್ಲಿ ಸೇರಿಸದೆ ಮೀಡಿಯಾ ಸರ್ವರ್‌ಗೋ (ವಿಡಿಯೊ ನುಡಿಸುವ ಯಂತ್ರ) ಪ್ರೊಜೆಕ್ಟರ್‌ಗೋ ಬಿಡಬೇಕು. ಆದರೆ ಆ ಜಾಗಗಳಲ್ಲಿ, ಮೊದಲನೆಯದಾದರೆ 1,632ರಿಂದ 1,920ರವರೆಗಿನ ಪಿಕ್ಸೆಲ್‌ಗಳಲ್ಲಿ, ಸಣ್ಣ ಅಕ್ಷರಗಳನ್ನು ಇಡದಂತೆ ವಿನ್ಯಾಸಕರಿಗೆ ಮೊದಲೇ ಗೆರೆ ಎಳೆದು ಕೊಡುತ್ತೇನೆ. ಪ್ರೊಜೆಕ್ಟರ್ ಕೂದಲೆಳೆಯಷ್ಟು ಅಲುಗಿದರೂ ಒತ್ತಕ್ಷರಗಳು ಎರಡೆರಡಾಗಿ ಕಾಣುತ್ತವೆ.

ಬಿಸಿ7 ಎಂಬ, ಡಿಎಕ್ಸ್‌ಟಿಗಿಂತ ಹೊಸ ಟೆಕ್ಸ್ಚರ್ ಸಂಕೋಚನವನ್ನು ಆಧರಿಸಿದ ಹ್ಯಾಪ್ ಆರ್ ಈಗ ಬಂದಿದೆ. ಕ್ಯೂನಷ್ಟೇ ಜಾಗದಲ್ಲಿ ಅದು ಇನ್ನೂ ಚೊಕ್ಕವಾದ ಚಿತ್ರ ಕೊಡುತ್ತದೆ, ಆದರೆ ಎನ್‌ಕೋಡಿಂಗ್ ನಿಧಾನ. ನುಡಿಸುವ ತಂತ್ರಾಂಶ ಅದನ್ನು ಓದುತ್ತದೆಯೇ ಎಂದು ಮೊದಲು ಪರೀಕ್ಷಿಸಬೇಕು. ಒಂದೇ ಪ್ರೊಜೆಕ್ಟರ್ ಅಥವಾ ಟಿವಿಗೆ ವಿಡಿಯೊ ಕೊಡುವವರಿಗೆ ಹ್ಯಾಪ್‌ನ ಅಗತ್ಯವೇ ಇಲ್ಲ, ಎಚ್.264 ಸಾಕು. ನಾನಂತೂ ಕಾರ್ಯಕ್ರಮ ಮುಗಿದ ಮೇಲೆ ಹ್ಯಾಪ್ ಫೈಲನ್ನು ಅಳಿಸಿ ಚಿತ್ರಸರಣಿಯನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಅದೇ ದೃಶ್ಯ ಮುಂದೊಮ್ಮೆ ನಾಲ್ಕೇ ಪ್ರೊಜೆಕ್ಟರ್‌ಗಳ ಸಭಾಂಗಣಕ್ಕೆ ಬೇಕಾದರೆ 6,816 ಪಿಕ್ಸೆಲ್ ಅಗಲಕ್ಕೆ ಕತ್ತರಿಸಿ ಮತ್ತೆ ಎನ್‌ಕೋಡ್ ಮಾಡಿಕೊಳ್ಳಬಹುದು.