ಡಾರ್ಕ್‌ಟೇಬಲ್: ಆರು ಮಳೆಗಾಲ ಬಳಸಿದ ಮೇಲೆ

2019ರ ಆಗಸ್ಟ್‌ನಲ್ಲಿ ಮಂಡಗದ್ದೆಯಲ್ಲಿ ತೆಗೆದ ಒಂದು ಬೆಳ್ಳಕ್ಕಿಯ ಫೋಟೋವನ್ನು ಹೋದ ವಾರ ಮತ್ತೆ ತೆರೆದೆ. ಆಗ ಮಾಡಿದ್ದ ಎಡಿಟಿಂಗ್ ಒಂದಿಷ್ಟೂ ಕದಲದೆ ಹಾಗೇ ಇತ್ತು. ಈ ನಡುವೆ ನನ್ನ ಲ್ಯಾಪ್‌ಟಾಪ್ ಬದಲಾಗಿದೆ, ಕ್ಯಾಮೆರಾ ಬದಲಾಗಿದೆ, ಫೋಟೋ ಎಡಿಟ್ ಮಾಡಲು ನಾನು ಬಳಸುವ ಡಾರ್ಕ್‌ಟೇಬಲ್ ಸಾಫ್ಟ್‌ವೇರ್ 2.6ರಿಂದ 5.0ಕ್ಕೆ ಬಂದಿದೆ. ಆದರೂ ಅದೇ ಹಕ್ಕಿ, ಅದೇ ಬಣ್ಣ. ಇಷ್ಟು ವರ್ಷ ಬಳಸಿ ಸುಮ್ನೆ ಕೂರಬಾರದು, ಬರೆಯಬೇಕು ಅನ್ನಿಸಿದ್ದು ಆಗಲೇ.

ನಾನು ಶಿವಮೊಗ್ಗದವನು. ವಾರವೆಲ್ಲ ಬೇರೆ ಕೆಲಸ, ಭಾನುವಾರ ಕ್ಯಾಮೆರಾ. ಮಳೆಗಾಲದಲ್ಲಿ ಹಕ್ಕಿ, ಕಾಡು, ಝರಿ. ಮದುವೆ ಸೀಸನ್‌ನಲ್ಲಿ ನೆಂಟರು, ಗೆಳೆಯರ ಮನೆಯ ಕಾರ್ಯಕ್ರಮ. ಮೊದಲು ಕ್ಯಾನನ್ 1300ಡಿ ಇತ್ತು, 2020ರಿಂದ 200ಡಿ ಮಾರ್ಕ್ 2 ಇದೆ. ಎರಡರಲ್ಲೂ ರಾ ಫೈಲ್ (ಕ್ಯಾಮೆರಾದ ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟುಕೊಂಡ ಫೈಲ್) ಮಾತ್ರ ತೆಗೆಯುತ್ತೇನೆ. ಅದನ್ನು ತೆರೆಯಲು ಮೊದಲಿಂದಲೂ ಡಾರ್ಕ್‌ಟೇಬಲ್. ಇದು ಪೂರ್ತಿ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ.

ಮೊದಲ ಸಲ ರಾ ಫೈಲ್ ತೆರೆದವರು ಎಲ್ಲರೂ ಒಂದೇ ಮಾತು ಕೇಳುತ್ತಾರೆ. ಕ್ಯಾಮೆರಾದಲ್ಲಿ ಅಷ್ಟು ಚೆನ್ನಾಗಿತ್ತು, ಇಲ್ಲಿ ಯಾಕೆ ಇಷ್ಟು ಪೇಲವ? ನಾನೂ ಕೇಳಿದ್ದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಾಣುವುದು ರಾ ಫೈಲಿನ ಒಳಗೆ ಸೇರಿಸಿಟ್ಟ ಒಂದು ಜೆಪಿಜಿ. ಡಾರ್ಕ್‌ಟೇಬಲ್‌ನ ಲೈಟ್‌ಟೇಬಲ್ ಪುಟದಲ್ಲೂ (ಫೋಟೋಗಳನ್ನೆಲ್ಲ ಸಾಲಾಗಿ ತೋರಿಸುವ ಪುಟ) ಮೊದಲು ಕಾಣುವುದು ಅದೇ. ಫೋಟೋವನ್ನು ಎಡಿಟ್ ಮಾಡುವ ಪುಟವಾದ ಡಾರ್ಕ್‌ರೂಮಿಗೆ ತೆಗೆದುಕೊಂಡು ಹೋದ ಕೂಡಲೇ ಕಣ್ಣೆದುರೇ ಬಣ್ಣ ಇಳಿಯುತ್ತದೆ. ಹೊಸಬರಿಗೆ ಇಲ್ಲೇ ಬೇಜಾರಾಗುವುದು. ಏನೋ ಕೆಟ್ಟಿತು ಅಂದುಕೊಂಡು ಅಲ್ಲೇ ಬಿಟ್ಟವರನ್ನು ನೋಡಿದ್ದೇನೆ.

ನಮ್ಮ ಕಡೆಯವರಿಗೆ ಹೇಳುವಾಗ ನಾನು ಅಡಿಕೆಯ ಲೆಕ್ಕದಲ್ಲಿ ಹೇಳುತ್ತೇನೆ. ರಾ ಅಂದರೆ ತೋಟದಿಂದ ಬಂದ ಹಸಿ ಅಡಿಕೆ. ಜೆಪಿಜಿ ಅಂದರೆ ಕ್ಯಾಮೆರಾ ತಾನೇ ಸುಲಿದು, ಬೇಯಿಸಿ, ಚೊಗರು ಹಾಕಿ, ಒಣಗಿಸಿ ಕೊಟ್ಟ ಅಡಿಕೆ. ಬೆಂದಿದ್ದನ್ನು ಮತ್ತೆ ಹಸಿ ಮಾಡೋಕಾಗಲ್ಲ ಅಲ್ವಾ? ನನ್ನ ಕ್ಯಾಮೆರಾದ ರಾ ಫೈಲ್ 14 ಬಿಟ್‌ನದು, ಅಂದರೆ ಒಂದೊಂದು ಬಿಂದುವಿನ ಬೆಳಕಿಗೆ 16,384 ಮೆಟ್ಟಿಲು. ಜೆಪಿಜಿಯಲ್ಲಿ ಒಂದು ಬಣ್ಣಕ್ಕೆ 256 ಮಾತ್ರ. ಇನ್ನೊಂದು ವಿಷಯ, ಸೆನ್ಸರ್‌ನ ಒಂದು ಬಿಂದು ಒಂದೇ ಬಣ್ಣವನ್ನು ಅಳೆಯುತ್ತದೆ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಉಳಿದ ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಸಾಫ್ಟ್‌ವೇರ್ ಊಹಿಸಬೇಕು. ಹಾಗಾಗಿ ಒಂದೇ ರಾ ಫೈಲ್ ಎರಡು ಸಾಫ್ಟ್‌ವೇರ್‌ಗಳಲ್ಲಿ ಎರಡು ತರ ಕಾಣುವುದು ತಪ್ಪೇನಲ್ಲ.

ಈಗ ಮಂಡಗದ್ದೆಗೆ ಬರುತ್ತೇನೆ. ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಹಿಂದೆ ಕಪ್ಪು ಮಿಶ್ರಿತ ಹಸಿರು, ಕೆಳಗೆ ಕೆನ್ನೀರು, ನಡುವೆ ಸುಣ್ಣದಂಥ ಬಿಳಿ ಹಕ್ಕಿ. ಕ್ಯಾಮೆರಾ ಆ ಕಪ್ಪನ್ನು ನೋಡಿ ಬೆಳಕು ಜಾಸ್ತಿ ಕೊಡುತ್ತದೆ, ಹಕ್ಕಿ ಬಿಳಿ ಬಟ್ಟೆ ತುಂಡಿನ ಹಾಗೆ ಬರುತ್ತದೆ. ಗರಿಯೇ ಕಾಣುವುದಿಲ್ಲ. ಆವತ್ತು ನಾನು ಎಕ್ಸ್‌ಪೋಶರ್ ಒಂದು ಸ್ಟಾಪ್ ಕಡಿಮೆ, ಅಂದರೆ ಬೆಳಕು ಅರ್ಧಕ್ಕೆ ಇಳಿಸಿ ಇಟ್ಟು ತೆಗೆದೆ. ಮನೆಗೆ ಬಂದು ತೆರೆದರೆ ಮರವೆಲ್ಲ ಕಗ್ಗತ್ತಲು, ಹಕ್ಕಿ ಬೂದು. ಎಕ್ಸ್‌ಪೋಶರ್ ನಿಧಾನವಾಗಿ ಏರಿಸುತ್ತ ಹೋದೆ. ಎಲೆ ಎದ್ದು ಬಂತು, ಗೂಡಿನ ಕಡ್ಡಿ ಬಂತು. ಆದರೂ ಬೆನ್ನಿನ ಮೇಲೆ ಇಳಿಬಿದ್ದ ಆ ನವಿರಾದ ಜಾಲರಿ ಗರಿಗಳು ಒಂದೊಂದಾಗಿ ಉಳಿದವು. ಪಕ್ಕದಲ್ಲಿ ನಿಂತು ಜೆಪಿಜಿ ತೆಗೆದಿದ್ದ ಗೆಳೆಯನ ಫೋಟೋದಲ್ಲಿ ಆ ಜಾಗ ಬರೀ ಬಿಳಿ. ಅದನ್ನು ಎಷ್ಟು ಇಳಿಸಿದರೂ ಬಿಳಿ ಹೋಗಿ ಬೂದು ಆಯಿತೇ ಹೊರತು ಗರಿ ಬರಲಿಲ್ಲ. ಒಂದು ಮಾತು ಮಾತ್ರ ನೆನಪಿಡಿ. ಸೆನ್ಸರ್‌ನಲ್ಲೇ ಬೆಳಕು ತುಂಬಿ ತುಳುಕಿದ್ದರೆ ರಾ ಕೂಡ ಕಾಪಾಡುವುದಿಲ್ಲ.

2020ರಲ್ಲಿ ಕ್ಯಾಮೆರಾ ಬದಲಿಸಿದಾಗ ಪೆಟ್ಟು ಬಿತ್ತು. ಹಳೆಯದರ ಫೈಲ್ ಸಿಆರ್2, ಹೊಸದರದ್ದು ಸಿಆರ್3. ಕ್ಯಾನನ್ ಇದನ್ನು 2018ರಲ್ಲಿ ಎಂ50 ಕ್ಯಾಮೆರಾದ ಜೊತೆ ತಂದಿತ್ತು. ಡಾರ್ಕ್‌ಟೇಬಲ್ ಅದನ್ನು ತೆರೆಯಲು ಕಲಿತದ್ದು 2021ರ ಡಿಸೆಂಬರ್‌ನಲ್ಲಿ, 3.8ರಲ್ಲಿ. ಅಲ್ಲಿಯವರೆಗೆ ಪ್ರತಿ ಫೈಲನ್ನೂ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್‌ಗೆ ಹಾಕಿ, ಡಿಎನ್‌ಜಿ (ಅಡೋಬಿಯ ರಾ ಫೈಲ್ ಮಾದರಿ) ಮಾಡಿಕೊಂಡು ತೆರೆಯುತ್ತಿದ್ದೆ. ಕೆಲಸ ನಡೆಯಿತು, ಆದರೆ ಡಿಸ್ಕ್‌ನಲ್ಲಿ ಒಂದೊಂದೂ ಎರಡೆರಡಾಯಿತು. ರಾ ಫೈಲ್ ಕ್ಯಾಮೆರಾದಿಂದ ಕ್ಯಾಮೆರಾಗೆ ಬೇರೆ ಬೇರೆ. ಒಂದೊಂದು ಮಾಡೆಲ್‌ನ ಬಣ್ಣದ ಲೆಕ್ಕವನ್ನೂ ಯಾರಾದರೂ ಕೂತು ಸೇರಿಸಬೇಕು. ಹೊಸ ಕ್ಯಾಮೆರಾ ಕೊಳ್ಳುವವರು ದಯವಿಟ್ಟು ಮೊದಲು ಡಾರ್ಕ್‌ಟೇಬಲ್‌ನ ಕ್ಯಾಮೆರಾ ಪಟ್ಟಿಯಲ್ಲಿ ಅದರ ಹೆಸರು ಇದೆಯಾ ನೋಡಿ. ಫೈಲ್ ತೆರೆಯಲಿಲ್ಲ ಅಂದರೆ ಹೆಚ್ಚಿನ ಸಲ ಕಾರ್ಡ್ ಕೆಟ್ಟಿರುವುದಿಲ್ಲ, ನಿಮ್ಮ ಸಾಫ್ಟ್‌ವೇರ್ ಕ್ಯಾಮೆರಾಗಿಂತ ಹಳೆಯದಿರುತ್ತದೆ. ಗಾಬರಿಯಾಗಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ನನಗೆ ಅತ್ಯಂತ ಇಷ್ಟವಾದದ್ದು ಇದು ಮೂಲ ಫೈಲನ್ನು ಮುಟ್ಟದೇ ಇರುವುದು. ನೀವು ಏನೇ ಮಾಡಿದರೂ ರಾ ಹಾಗೇ ಇರುತ್ತದೆ. ಮಾಡಿದ ಬದಲಾವಣೆಯೆಲ್ಲ ಅದರ ಪಕ್ಕದಲ್ಲೇ, ಅದೇ ಹೆಸರಿನ ಕೊನೆಗೆ ಎಕ್ಸ್‌ಎಂಪಿ ಅಂತ ಸೇರಿಸಿದ ಒಂದು ಪುಟ್ಟ ಫೈಲಿನಲ್ಲಿ ಕೂರುತ್ತದೆ. 2022ರ ಮಳೆಗಾಲದಲ್ಲಿ ಒಂದು ರಾತ್ರಿ ಸಿಡಿಲಿನ ಹೊತ್ತಿಗೆ ಕರೆಂಟ್ ಹೋಗಿ ಬಂದು ಹೋಗಿ ಬಂದು ನನ್ನ ಲ್ಯಾಪ್‌ಟಾಪ್ ಸತ್ತೇ ಹೋಯಿತು. ಡಾರ್ಕ್‌ಟೇಬಲ್‌ನ ಲೈಬ್ರರಿಯೂ (ಫೋಟೋ, ಎಡಿಟಿಂಗ್‌ಗಳ ದಾಖಲೆ) ಅದರ ಜೊತೆ ಹೋಯಿತು. ಫೋಟೋಗಳು ಮಾತ್ರ ಹೊರಗಿನ ಡಿಸ್ಕ್‌ನಲ್ಲಿದ್ದವು. ಹೊಸ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಆ ಫೋಲ್ಡರ್ ಇಂಪೋರ್ಟ್ ಮಾಡಿದೆ. ಎಕ್ಸ್‌ಎಂಪಿ ಓದಿಕೊಂಡು ಎಡಿಟಿಂಗ್, ನಕ್ಷತ್ರದ ಗುರುತು, ಟ್ಯಾಗ್ ಎಲ್ಲ ವಾಪಸ್ ಬಂತು. ಆವತ್ತಿನ ಸಮಾಧಾನ ಹೇಳತೀರದು.

ಆದರೆ ಕೊಡಚಾದ್ರಿಯ ಒಂದು ಟ್ರಿಪ್‌ನ ಎಡಿಟಿಂಗ್ ಸಿಗಲೇ ಇಲ್ಲ. ಅವನ್ನು ಬೇರೆ ಡಿಸ್ಕ್‌ಗೆ ಹಾಕುವಾಗ ಸಿಆರ್3 ಮಾತ್ರ ಕಾಪಿ ಮಾಡಿ ಎಕ್ಸ್‌ಎಂಪಿ ಬಿಟ್ಟಿದ್ದೆ. ಕಾಪಿ ಮಾಡುವಾಗ ಎರಡೂ ಜೊತೆಗೇ ಹೋಗಬೇಕು. ಫೋಲ್ಡರ್ ಬದಲಿಸುವುದಿದ್ದರೆ ಡಾರ್ಕ್‌ಟೇಬಲ್ ಒಳಗಿಂದಲೇ ಬದಲಿಸಿ. ಹೊರಗಿಂದ ಸರಿಸಿದರೆ ಫೋಟೋ ಇರುವ ಜಾಗದಲ್ಲಿ ತಲೆಬುರುಡೆಯ ಗುರುತು ಬಂದು ಕೂರುತ್ತದೆ.

ಕಷ್ಟಗಳನ್ನೂ ಹೇಳಬೇಕು. ಇದು ಸುಲಭದ ಸಾಫ್ಟ್‌ವೇರ್ ಅಲ್ಲ. ಮಾಡ್ಯೂಲ್‌ಗಳು, ಅಂದರೆ ಎಡಿಟಿಂಗ್ ಸಲಕರಣೆಗಳು, ಬೇಕಾದ್ದಕ್ಕಿಂತ ಜಾಸ್ತಿ, ಒಂದೇ ಕೆಲಸಕ್ಕೆ ಮೂರು ದಾರಿ. ಬಿಳಿ ಬಣ್ಣ ಸರಿಮಾಡಲು ವೈಟ್ ಬ್ಯಾಲೆನ್ಸ್ ಒಂದು ಕಡೆ, ಕಲರ್ ಕ್ಯಾಲಿಬ್ರೇಶನ್ ಇನ್ನೊಂದು ಕಡೆ. ನಾನು ಮೊದಲು ಎರಡನ್ನೂ ಎಳೆದಾಡಿ ಬಣ್ಣ ಹಾಳು ಮಾಡಿಕೊಂಡೆ. ಮೊದಲನೆಯದನ್ನು ಹಾಗೇ ಬಿಟ್ಟು ಎರಡನೆಯದರಲ್ಲಿ ಮಾತ್ರ ಕೆಲಸ ಮಾಡಬೇಕು ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಆಗುಂಬೆಯ ಕಾಡಿನ ಒಳಗೆ ಬೆಳಕೇ ಹಸಿರು. ಕ್ಯಾಮೆರಾ ಅದನ್ನು ಸರಿಮಾಡಲು ಹೋಗಿ ಮರದ ಬೊಡ್ಡೆಗೆಲ್ಲ ನೇರಳೆ ಬಳಿಯುತ್ತದೆ. ಕಲರ್ ಕ್ಯಾಲಿಬ್ರೇಶನ್‌ನಲ್ಲಿ ಬಣ್ಣ ಆರಿಸುವ ಪಿಕ್ಕರ್ ತೆಗೆದುಕೊಂಡು ಒಂದು ಬೂದು ಬಂಡೆಯ ಮೇಲೆ ಚೌಕ ಎಳೆದರೆ ಸಾಕು, ಪಾಚಿ ಪಾಚಿಯಾಗುತ್ತದೆ, ಜಂಬಿಟ್ಟಿಗೆ ಕಲ್ಲು ಕೆಂಪಾಗುತ್ತದೆ. ಪೂರ್ತಿ ಸರಿಮಾಡಬೇಡಿ, ಸ್ವಲ್ಪ ಹಸಿರು ಬಿಡಿ. ಆ ಕಾಡಿನಲ್ಲಿ ನಿಂತವರಿಗೆ ಅದು ಗೊತ್ತು.

ವೇಗದ ವಿಷಯ. ಮಳೆಗಾಲದ ಮಂಕು ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಇಲ್ಲದೆ ಹಕ್ಕಿ ಸಿಗುವುದಿಲ್ಲ, ಅಷ್ಟಕ್ಕೆ ಏರಿಸಿದರೆ ಫೋಟೋದಲ್ಲಿ ಕಾಳುಕಾಳು ಬರುತ್ತದೆ, ಹಾಗಾಗಿ ಅದನ್ನು ತೆಗೆಯುವ ಡಿನಾಯ್ಸ್ ಬೇಕೇ ಬೇಕು. ಹಲವು ಕ್ಯಾಮೆರಾಗಳ ಬೇರೆ ಬೇರೆ ಐಎಸ್‌ಒಗೆ ಅಳೆದಿಟ್ಟ ಲೆಕ್ಕ ಇದರಲ್ಲಿದೆ, ಫಲಿತಾಂಶ ಬಹಳ ಚೆನ್ನಾಗಿದೆ. ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಟೋ ಎಕ್ಸ್‌ಪೋರ್ಟ್ ಆಗಲು ನಿಮಿಷಕ್ಕೂ ಜಾಸ್ತಿ ಹಿಡಿಯುತ್ತಿತ್ತು. ಮದುವೆಯ 400 ಫೋಟೋಗಳನ್ನು ರಾತ್ರಿ ಹಚ್ಚಿಟ್ಟು ಮಲಗುತ್ತಿದ್ದೆ. ಈಗಿನದರಲ್ಲಿ ಕಾರ್ಡ್ ಇದೆ, ಆ ಕಾರ್ಡ್‌ಗೆ ಕೆಲಸ ಹಚ್ಚುವ ಓಪನ್‌ಸಿಎಲ್ ಆನ್ ಮಾಡಿದ್ದೇನೆ, ಕೆಲವೇ ಸೆಕೆಂಡು ಸಾಕು.

ಗಿಂಪ್ ಅನ್ನುವ ಉಚಿತ ಚಿತ್ರ ಎಡಿಟರ್ ಬಳಸುವವರಿಗೆ ಒಂದು ಮಾತು. ಗಿಂಪ್ ತಾನಾಗಿ ರಾ ಫೈಲ್ ತೆರೆಯುವುದಿಲ್ಲ. ಡಾರ್ಕ್‌ಟೇಬಲ್ ಅಥವಾ ರಾ‌ಥೆರಪಿ (ಇದೂ ಒಂದು ರಾ ಸಾಫ್ಟ್‌ವೇರ್) ಜೊತೆಗಿದ್ದರೆ ಫೈಲನ್ನು ಅದಕ್ಕೆ ಕೊಡುತ್ತದೆ. ಅಲ್ಲಿ ಕೆಲಸ ಮುಗಿಸಿ ಕಿಟಕಿ ಮುಚ್ಚಿದರೆ ಚಿತ್ರ ಗಿಂಪ್‌ಗೆ ಬರುತ್ತದೆ.

ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೊತ್ತಿಗೆ ಬರುತ್ತದೆ. ಬಂದ ದಿನವೇ ಹಾಕಬೇಡಿ, ಕೈಯಲ್ಲಿರುವ ಕೆಲಸ ಮುಗಿಸಿ ಹಾಕಿ. ಹೊಸತು ಒಮ್ಮೆ ಲೈಬ್ರರಿ ತೆರೆದರೆ ಅದೇ ಲೈಬ್ರರಿಯನ್ನು ಹಳೆಯದು ತೆರೆಯುವುದಿಲ್ಲ.

ಆ ಬೆಳ್ಳಕ್ಕಿಯ ಫೋಟೋಕ್ಕೆ ಹೋದ ವಾರ ಒಂದು ಡೂಪ್ಲಿಕೇಟ್ ಮಾಡಿಕೊಂಡೆ. ಹಳೆಯದನ್ನು ಹಾಗೇ ಬಿಟ್ಟು, ಹೊಸದರಲ್ಲಿ ನೆರಳು ಬೆಳಕು ಹೊಂದಿಸುವ ಹಳೇ ಮಾಡ್ಯೂಲ್ ಬೇಸ್ ಕರ್ವ್ ತೆಗೆದು ಅದೇ ಕೆಲಸದ ಹೊಸ ಮಾಡ್ಯೂಲ್ ಸಿಗ್ಮಾಯ್ಡ್ ಹಾಕಿದೆ. ಕತ್ತಿನ ಕೆಳಗಿನ ನೆರಳು ಮೆತ್ತಗಾಯಿತು. ಗೂಡಿನ ಅಂಚಿನಲ್ಲಿ ಮರಿಯ ಒಂದು ಕೊಕ್ಕು ಇಣುಕುತ್ತಿತ್ತು, ಇಷ್ಟು ವರ್ಷ ನಾನದನ್ನು ನೋಡೇ ಇರಲಿಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ದೊಡ್ಡ ಪ್ರಿಂಟ್‌ಗೆ ಕೊಟ್ಟಿದ್ದೇನೆ, ಸೋಮವಾರ ಕೈಗೆ ಬರುತ್ತದೆ.